ಉಚ್ಚಾರ ಅಳಿದ ಮೇಲೆ ಅಕ್ಷರ

ಒಂದನೆಯ ತರಗತಿಯ ಮಕ್ಕಳು ‘ಕ ಖ ಗ ಘ ಙ’ ಎಂದು ರಾಗವಾಗಿ ಹೇಳುವುದನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಆ ಐದನೆಯ ಅಕ್ಷರದಿಂದ ಆರಂಭವಾಗುವ ಒಂದು ಪದವನ್ನು ಹೇಳೆಂದರೆ ಮಗುವಿನ ಜೊತೆಗೆ ಪಾಠ ಹೇಳುವವರೂ ತಡವರಿಸುತ್ತಾರೆ. ಬಳಕೆಯಲ್ಲಿ ಕಾಣಿಸದ ಆ ಅಕ್ಷರ ಮಾಲೆಯಲ್ಲಿ ಮಾತ್ರ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಇಂತಹುದೇ ಒಂದು ಅಕ್ಷರದ ಉಚ್ಚಾರ ಬದಲಾದುದರಿಂದ ರಾಜಮನೆತನವೊಂದರಲ್ಲಿ ಮನಸ್ತಾಪ ಬೆಳೆದ ಕಥೆಯನ್ನು ಇಂಗ್ಲೆಂಡಿನ ಪ್ರಾಧ್ಯಾಪಕರೊಬ್ಬರು ಬರೆದಿದ್ದಾರೆ. ಆ ರಾಜಮನೆತನ ಕಲ್ಪಿತ, ಆ ಭಾಷೆ ಕಲ್ಪಿತ, ಆ ಲಿಪಿಯೂ ಕಲ್ಪಿತ. ಆದರೂ ಭಾಷೆಗಳ ನಡುವೆ ಬದುಕುವ ನಮ್ಮಂತಹವರಿಗೆ ಆ ಕಲ್ಪಿತ ಲಿಪಿಯ ಚರಿತ್ರೆಯಲ್ಲಿ ಪರಿಚಿತವಾದುದು ಬಹಳ ಇದೆ.

ಆ ಪ್ರಾಧ್ಯಾಪಕರು ಜೆ. ಆರ್. ಆರ್. ಟೋಲ್ಕಿನ್. 1937ರಲ್ಲಿ ‘ದ ಹಾಬಿಟ್’, 1954-55ರಲ್ಲಿ ಮೂರು ಸಂಪುಟಗಳಾಗಿ ‘ದ ಲಾರ್ಡ್ ಆಫ್ ದ ರಿಂಗ್ಸ್’ ಪ್ರಕಟಿಸಿದವರು. ಅವರ ಕಥೆಗಳ ಮೇಲೆ ತೆಗೆದ ಚಲನಚಿತ್ರಗಳನ್ನು ನಮ್ಮ ಮನೆಗಳ ಮಕ್ಕಳು ನೋಡಿರುತ್ತಾರೆ. ಅವರು ವೃತ್ತಿಯಿಂದ ಕಾದಂಬರಿಕಾರರಲ್ಲ, ಭಾಷಾಶಾಸ್ತ್ರಜ್ಞರು. 1925ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾದರು. ಅದಕ್ಕೆ ಮೊದಲು, 1919-20ರಲ್ಲಿ, ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕಚೇರಿಯಲ್ಲಿ ಕುಳಿತು ‘ಡಬ್ಲ್ಯು’ ಅಕ್ಷರದ ಪದಗಳ ಮೂಲವನ್ನು ಶೋಧಿಸುತ್ತಿದ್ದರು. ಭಾಷೆಗಳಿಗಾಗಿ ಕಥೆ ಹುಟ್ಟಿತೇ ಹೊರತು ಕಥೆಗಾಗಿ ಭಾಷೆಗಳು ಹುಟ್ಟಲಿಲ್ಲ ಎಂಬುದು ಅವರೇ ಮತ್ತೆ ಮತ್ತೆ ಹೇಳಿದ ಮಾತು. ಮೊದಲು ಭಾಷೆ, ಆಮೇಲೆ ಅದನ್ನಾಡುವ ಜನ, ಆಮೇಲೆ ಆ ಜನರ ಇತಿಹಾಸ. ನಾವು ಸಾಮಾನ್ಯವಾಗಿ ಎಣಿಸುವ ಕ್ರಮಕ್ಕೆ ಇದು ತೀರ ವಿರುದ್ಧ.

ಅವರು ಹುಟ್ಟಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್ ನಗರದಲ್ಲಿ. ನಾಲ್ಕು ವರ್ಷ ತುಂಬಿದ ಕೆಲವೇ ವಾರಗಳಲ್ಲಿ ತಂದೆ ತೀರಿಕೊಂಡರು. ಆ ಹೊತ್ತಿಗೆ ತಾಯಿ ಮೇಬೆಲ್ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಬಂದಿದ್ದರು. ಮಗನಿಗೆ ಲ್ಯಾಟಿನ್ ಹಾಗೂ ಜರ್ಮನ್ ಭಾಷೆಗಳ ಮೊದಲ ಪಾಠ ಹೇಳಿದವರು ತಾಯಿ. ಅಕ್ಷರಗಳನ್ನು ಅಂದವಾಗಿ ಬರೆಯುವ ಕಲೆಯನ್ನು ಕಲಿಸಿದವರೂ ಅವರೇ. 1904ರಲ್ಲಿ, ಮಗನಿಗೆ ಇನ್ನೂ ಹನ್ನೆರಡು ವರ್ಷವಿರುವಾಗ, ಅವರೂ ಮಧುಮೇಹದಿಂದ ತೀರಿಕೊಂಡರು. ಆಗ ಆ ರೋಗಕ್ಕೆ ಇನ್ಸುಲಿನ್ ಇರಲಿಲ್ಲ. ಅಕ್ಷರ ಕಲಿಸಿದ ತಾಯಿಯನ್ನು ಬಾಲ್ಯದಲ್ಲೇ ಕಳೆದುಕೊಂಡ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಭಾಷೆ ಕಟ್ಟುವ ಆಟ ಅವರಿಗೆ ಬಾಲ್ಯದಿಂದಲೇ ಅಂಟಿತ್ತು. ಅವರ ಬಂಧುಗಳಾದ ಇಬ್ಬರು ಹುಡುಗಿಯರು ‘ಆನಿಮಾಲಿಕ್’ ಎಂಬ ಗುಟ್ಟಿನ ಭಾಷೆಯನ್ನು ಮಾಡಿಕೊಂಡಿದ್ದರು. ಪ್ರಾಣಿಪಕ್ಷಿಗಳ ಹೆಸರುಗಳೇ ಅದರ ಪದಗಳು. ಅದರಲ್ಲಿ ‘ನಲವತ್ತು’ ಎಂದರೆ ಕತ್ತೆ ಎಂದರ್ಥ! ನಮ್ಮ ಮಕ್ಕಳು ಪ್ರತಿ ಅಕ್ಷರದ ಮುಂದೆ ಇನ್ನೊಂದು ಅಕ್ಷರ ಸೇರಿಸಿ ದೊಡ್ಡವರಿಗೆ ತಿಳಿಯದಂತೆ ಮಾತಾಡುವುದಿಲ್ಲವೇ, ಹಾಗೆ. ಅದರ ಬೆನ್ನಿಗೆ ‘ನೆವ್‌ಬಾಶ್’ ಎಂಬ ಇನ್ನೊಂದು ಬಂತು, ಆಮೇಲೆ ಸ್ಪ್ಯಾನಿಷ್ ಭಾಷೆಯ ಪ್ರಭಾವವುಳ್ಳ ‘ನಫರಿನ್’. ಹೆಚ್ಚಿನವರು ಈ ಆಟವನ್ನು ಪ್ರಾಯಕ್ಕೆ ಬಂದ ಮೇಲೆ ಬಿಡುತ್ತಾರೆ. ಟೋಲ್ಕಿನ್ ಬಿಡಲಿಲ್ಲ. 1931ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ಈ ಹವ್ಯಾಸವನ್ನು ಗುಟ್ಟಿನ ಚಟವೆಂದು ಕರೆದು, ಸೇನಾ ತರಬೇತಿಯ ದಿನಗಳ ಒಂದು ಪ್ರಸಂಗವನ್ನು ನೆನೆದಿದ್ದಾರೆ. ಡೇರೆಯಲ್ಲಿ ಬೇಸರದ ಪಾಠ ನಡೆಯುತ್ತಿರುವಾಗ ಪಕ್ಕದಲ್ಲಿದ್ದ ಸಿಪಾಯಿಯೊಬ್ಬ ಕನಸಿನಲ್ಲಿದ್ದವನಂತೆ, ತನ್ನ ಭಾಷೆಯಲ್ಲಿ ದ್ವಿತೀಯಾ ವಿಭಕ್ತಿಗೆ ಪೂರ್ವಪ್ರತ್ಯಯವನ್ನು ಇಡುವೆನೆಂದು ತನ್ನಷ್ಟಕ್ಕೆ ಗೊಣಗಿದನಂತೆ. ವಿಭಕ್ತಿಗಳನ್ನು ಕಂಠಪಾಠ ಮಾಡಿ ಬೆತ್ತದೇಟು ತಿಂದ ನಮ್ಮ ತಲೆಮಾರಿನವರಿಗೆ ಆ ಸಿಪಾಯಿಯ ಮೇಲೆ ಅಸೂಯೆ ಆಗಬೇಕು!

ಆಟಕ್ಕೆ ಶಾಸ್ತ್ರದ ಬಲ ಬಂದದ್ದು ಆಕ್ಸ್‌ಫರ್ಡಿನಲ್ಲಿ. 1911ರಲ್ಲಿ ವಿದ್ಯಾರ್ಥಿಯಾಗಿ ಅಲ್ಲಿಗೆ ಹೋದಾಗ ಅವರಿಗೆ ದೊರೆತ ಗುರು ಜೋಸೆಫ್ ರೈಟ್. ಈ ಮಹಾನುಭಾವರ ವಿಷಯದಲ್ಲಿ ಎರಡು ಮಾತು ಹೇಳದೆ ಮುಂದುವರಿಯಲು ಮನಸ್ಸು ಒಪ್ಪದು. ಆರನೆಯ ವಯಸ್ಸಿಗೆ ಕಲ್ಲಿನ ಕೋರೆಯಲ್ಲಿ ಕತ್ತೆಗಾಡಿ ಹೊಡೆಯಲು ಸೇರಿದ ಹುಡುಗ, ಬಳಿಕ ಬಟ್ಟೆ ಗಿರಣಿಯ ಕೆಲಸಗಾರ. ಹದಿನೈದನೆಯ ವಯಸ್ಸಿನವರೆಗೆ ಓದುಬರಹ ತಿಳಿಯದವರು. ಅಂತಹವರು ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರಾಧ್ಯಾಪಕರಾದರು. ಇಂಗ್ಲಿಷಿನ ಗ್ರಾಮ್ಯ ಉಪಭಾಷೆಗಳ ನಿಘಂಟನ್ನು ಆರು ಸಂಪುಟಗಳಲ್ಲಿ ಹೊರತಂದರು. ಅವರು ಬರೆದ ಗಾಥಿಕ್ ಭಾಷೆಯ ಬಾಲಬೋಧೆ ಟೋಲ್ಕಿನ್ನರ ಕೈಗೆ ಶಾಲೆಯ ದಿನಗಳಲ್ಲೇ ಸಿಕ್ಕಿತ್ತು. ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕಿದ ಇನ್ನೊಂದು ಪುಸ್ತಕ ಫಿನ್ನಿಶ್ ವ್ಯಾಕರಣ. ಅದರ ನಾದ ಅವರನ್ನು ಮರುಳುಮಾಡಿತು. 1915ರಲ್ಲಿ ‘ಕ್ವೆನ್ಯ’ ಎಂಬ ತಮ್ಮ ಭಾಷೆಯ ಪದಕೋಶವನ್ನು ಬರೆಯಲಾರಂಭಿಸಿದಾಗ ಅದರ ನಾದಕ್ಕೆ ಫಿನ್ನಿಶ್ ಮಾದರಿಯಾಯಿತು. ಮರುವರ್ಷ ಸೊಮ್ ನದಿಯ ಯುದ್ಧರಂಗಕ್ಕೆ ಹೋಗಿ, ಕಂದಕಜ್ವರ ತಗಲಿ ಮರಳಿದರು. ಎರಡನೆಯ ಭಾಷೆಯಾದ ‘ಸಿಂಡರಿನ್’ ವೆಲ್ಶ್ ಭಾಷೆಯ ನಾದವನ್ನು ಹೋಲುತ್ತದೆ. ಬಾಲ್ಯದಲ್ಲಿ ಮನೆಯ ಹಿಂದಿನ ರೈಲುಹಳಿಯಲ್ಲಿ ಹಾದುಹೋಗುವ ಕಲ್ಲಿದ್ದಲ ಗಾಡಿಗಳ ಮೇಲೆ ಕಂಡ ವೆಲ್ಶ್ ಊರುಗಳ ಹೆಸರುಗಳು ಅದಕ್ಕೆ ಬೀಜ.

ಇಲ್ಲಿ ಗಮನಿಸಬೇಕಾದುದು ಪದಗಳನ್ನು ಅವರು ಹುಟ್ಟಿಸಿದ ರೀತಿ. ಒಂದೊಂದು ವಸ್ತುವಿಗೆ ತೋಚಿದ ಸದ್ದನ್ನು ಅಂಟಿಸುತ್ತ ಹೋಗಲಿಲ್ಲ. ಮೊದಲು ಒಂದು ಮೂಲಭಾಷೆಯ ಧಾತುಗಳನ್ನು ಕಲ್ಪಿಸಿದರು. ಬಳಿಕ ಜನ ಎರಡು ದಾರಿ ಹಿಡಿದರೆಂದೂ ಸಾವಿರಾರು ವರ್ಷಗಳಲ್ಲಿ ಅವರ ನಾಲಗೆ ಬೇರೆ ಬೇರೆಯಾಗಿ ಹೊರಳಿತೆಂದೂ ಊಹಿಸಿ, ಆ ಹೊರಳುವಿಕೆಗೆ ನಿಯಮಗಳನ್ನು ಗೊತ್ತುಮಾಡಿದರು. ಕ್ವೆನ್ಯದಲ್ಲಿ ಮರಕ್ಕೆ ‘ಅಲ್ದ’, ಸಿಂಡರಿನ್ನಿನಲ್ಲಿ ‘ಗಲಧ್’. ಒಂದರಲ್ಲಿ ಆದಿಯ ಗಕಾರ ಬಿದ್ದುಹೋಗಿದೆ, ಇನ್ನೊಂದರಲ್ಲಿ ಕೊನೆಯ ಸ್ವರ ಬಿದ್ದುಹೋಗಿದೆ. ಹಂಸಕ್ಕೆ ಅಲ್ಲಿ ‘ಅಲ್ಕ್ವ’, ಇಲ್ಲಿ ‘ಅಲ್ಫ್’. ನಮ್ಮ ‘ಪಾಲ್’ ಎಂಬುದು ‘ಹಾಲು’ ಆದಂತೆ, ‘ಪೂ’ ಎಂಬುದು ‘ಹೂ’ ಆದಂತೆ, ಎಲ್ಲವೂ ನಿಯಮಬದ್ಧ. ವಿಭಕ್ತಿಗಳಂತೂ ನಮ್ಮವುಗಳಂತೆಯೇ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ‘ಕಿರ್ಯ’ ಎಂದರೆ ಹಡಗು, ‘ಕಿರ್ಯಸ್ಸೆ’ ಎಂದರೆ ಹಡಗಿನಲ್ಲಿ, ‘ಕಿರ್ಯನ್ನ’ ಎಂದರೆ ಹಡಗಿನ ಕಡೆಗೆ, ‘ಕಿರ್ಯಲ್ಲೊ’ ಎಂದರೆ ಹಡಗಿನಿಂದ.

ಇದನ್ನು ನೋಡಿ ಅವಸರದಿಂದ ನೆಂಟಸ್ತನ ಬೆಳೆಸುವುದು ಬೇಡ. ಕ್ವೆನ್ಯದಲ್ಲಿ ‘ಅನ್ನ’ ಎಂಬ ಪದವೂ ಉಂಟು, ಅದರ ಅರ್ಥ ಕೊಡುಗೆ. ‘ಅಂಗ’ವೂ ಉಂಟು, ಅದರ ಅರ್ಥ ಕಬ್ಬಿಣ. ಇವು ಬರಿಯ ಕಾಕತಾಳೀಯ. ಸದ್ದಿನ ಹೋಲಿಕೆಯಿಂದ ಏನನ್ನಾದರೂ ಸಾಧಿಸಬಹುದೇ ಎಂಬುದು ನಮ್ಮ ನೆಲದವರಿಗೆ ಹಳೆಯ ಪ್ರಶ್ನೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಗ್ರೀಕ್ ಪ್ರಹಸನದಲ್ಲಿ ಭಾರತದ ಪಾತ್ರಗಳು ಆಡುವ ಅರ್ಥವಾಗದ ಮಾತುಗಳನ್ನು ಹುಲ್ಷ್ ಎಂಬ ವಿದ್ವಾಂಸರು 1904ರಲ್ಲಿ ಕನ್ನಡವೆಂದು ಸೂಚಿಸಿದರು. ಶಾಮಶಾಸ್ತ್ರಿಗಳು ಆ ಜಾಡನ್ನು ಹಿಡಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಅದರ ಮೇಲೆ ಬರೆದರು. ಅದು ನಗಿಸಲು ಕಟ್ಟಿದ ಬರಿಯ ಗದ್ದಲದ ನುಡಿ ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ಕಲ್ಪಿತ ನುಡಿ ಯಾವುದು, ನಿಜವಾದ ನುಡಿ ಯಾವುದು ಎಂಬುದನ್ನು ಒಂದೆರಡು ಪದಗಳ ಸಾಮ್ಯ ತೀರ್ಮಾನಿಸದು. ಪದಗಳ ಬೆನ್ನ ಹಿಂದೆ ಒಂದು ನಿಯಮ ಇದೆಯೇ ಎಂದು ನೋಡಬೇಕು. ಆ ದೃಷ್ಟಿಯಿಂದ ಟೋಲ್ಕಿನ್ನರ ಕಲ್ಪಿತ ಭಾಷೆಗಳು ನಿಜದ ಭಾಷೆಗಳ ಪಕ್ಕದಲ್ಲೇ ಕುಳಿತುಕೊಳ್ಳುತ್ತವೆ.

ಇನ್ನು ಲಿಪಿ. ಕಾದಂಬರಿಯ ಮೂರನೆಯ ಸಂಪುಟದ ಅನುಬಂಧದಲ್ಲಿ ‘ತೆಂಗ್ವಾರ್’ ಎಂಬ ಲಿಪಿಯ ಕೋಷ್ಟಕವಿದೆ. ಒಟ್ಟು ಮೂವತ್ತಾರು ಅಕ್ಷರಗಳು. ಅವುಗಳಲ್ಲಿ ಇಪ್ಪತ್ತನಾಲ್ಕು ಪ್ರಧಾನ. ಕಥೆಯೊಳಗೆ ಇದನ್ನು ರೂಪಿಸಿದವನು ಫೆಯಾನೋರ್ ಎಂಬ ರಾಜಕುಮಾರ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರು ಆ ಕೋಷ್ಟಕವನ್ನು ನೋಡಿದೊಡನೆ ಬೆರಗಾಗುತ್ತಾರೆ. ರೋಮನ್ ಲಿಪಿಯಲ್ಲಿ ‘ಎ’ ಆದ ಮೇಲೆ ‘ಬಿ’ ಏಕೆ ಬರುತ್ತದೆಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಇಲ್ಲಿ ಹಾಗಲ್ಲ. ತವರ್ಗ ಒಂದು ಸಾಲು, ಪವರ್ಗ ಒಂದು ಸಾಲು, ಕವರ್ಗ ಒಂದು ಸಾಲು, ತುಟಿ ದುಂಡಗಾಗಿಸಿ ನುಡಿಯುವ ‘ಕ್ವ’ ಎಂಬುದರ ವರ್ಗ ಮತ್ತೊಂದು ಸಾಲು. ಒಂದೊಂದು ಸಾಲಿನಲ್ಲೂ ಮೊದಲು ಅಘೋಷ, ಅನಂತರ ಘೋಷ, ಬಳಿಕ ಗಾಳಿ ಉಜ್ಜಿಕೊಂಡು ಹೊರಡುವ ಧ್ವನಿಗಳು, ಆಮೇಲೆ ಅನುನಾಸಿಕ. ನಮ್ಮ ವರ್ಗಾಕ್ಷರಗಳ ವ್ಯವಸ್ಥೆಯೇ ಬೇರೊಂದು ವೇಷದಲ್ಲಿ ನಿಂತಂತೆ ಕಾಣುತ್ತದೆ. ಬಾಯಿಯೊಳಗೆ ಧ್ವನಿ ಹುಟ್ಟುವ ಸ್ಥಾನವನ್ನೂ ಪ್ರಯತ್ನವನ್ನೂ ಹಿಡಿದು ಹೊರಟವರು ಇಲ್ಲಿಗೇ ಬಂದು ಸೇರಬೇಕಷ್ಟೆ.

ಅಕ್ಷರಗಳ ಆಕಾರದಲ್ಲೂ ಅದೇ ತರ್ಕವಿದೆ. ಪ್ರತಿಯೊಂದಕ್ಕೂ ಒಂದು ಕಂಬ, ಒಂದು ಕಮಾನು. ಕಮಾನನ್ನು ಇಮ್ಮಡಿಸಿದರೆ ತಕಾರ ದಕಾರವಾಗುತ್ತದೆ. ಕಂಬವನ್ನು ಮೇಲಕ್ಕೇರಿಸಿದರೆ ಇಂಗ್ಲಿಷಿನ ‘ಥಿಂಕ್’ ಪದದ ಮೊದಲಲ್ಲಿರುವಂತಹ ಧ್ವನಿಯಾಗುತ್ತದೆ. ನಮ್ಮಲ್ಲಿ ದಕಾರದ ಹೊಟ್ಟೆ ಸೀಳಿದರೆ ಧಕಾರ, ಬಕಾರದ ಹೊಟ್ಟೆ ಸೀಳಿದರೆ ಭಕಾರ. ಆದರೆ ನಮ್ಮ ಲಿಪಿ ಶತಮಾನಗಳ ಕಾಲ ಕಲ್ಲಿನಲ್ಲಿ, ತಾಳೆಗರಿಯಲ್ಲಿ ಸವೆದು ಬಂದದ್ದು. ಆದುದರಿಂದ ತರ್ಕ ಅಲ್ಲಲ್ಲಿ ಮಾತ್ರ ಉಳಿದಿದೆ. ಒಬ್ಬನೇ ರೂಪಿಸಿದ ಲಿಪಿಯಲ್ಲಿ ಅದು ಎಲ್ಲೆಡೆ ಎದ್ದುಕಾಣುತ್ತದೆ.

ಸ್ವರಗಳಿಗೆ ಪ್ರತ್ಯೇಕ ಅಕ್ಷರದ ಬದಲು ವ್ಯಂಜನದ ತಲೆಯ ಮೇಲೆ ಇಡುವ ಚಿಹ್ನೆಗಳಿವೆ, ನಮ್ಮ ಕಾಗುಣಿತದಂತೆ. ಕ್ವೆನ್ಯದ ಪದಗಳು ಬಹುಪಾಲು ಸ್ವರಾಂತ. ಹಾಗಾಗಿ ಅಲ್ಲಿ ಸ್ವರಚಿಹ್ನೆಯನ್ನು ಅದರ ಹಿಂದಿನ ವ್ಯಂಜನದ ಮೇಲೆ ಇಡುತ್ತಾರೆ. ಸಿಂಡರಿನ್ನಿನ ಪದಗಳು ಹೆಚ್ಚಾಗಿ ವ್ಯಂಜನಾಂತ. ಅಲ್ಲಿ ಮುಂದಿನ ವ್ಯಂಜನದ ಮೇಲೆ ಇಡುವುದು ರೂಢಿ. ಒಂದೇ ಲಿಪಿ ಎರಡು ಭಾಷೆಗಳ ಸ್ವಭಾವಕ್ಕೆ ತಕ್ಕಂತೆ ಬಾಗುತ್ತದೆ. ಇದಕ್ಕಿಂತ ಸೊಗಸಾದ ಮಾತು ಇನ್ನೊಂದಿದೆ. ಕ್ವೆನ್ಯದಲ್ಲಿ ಅಕಾರ ಎಲ್ಲಕ್ಕಿಂತ ಹೆಚ್ಚಾಗಿ ಬರುವುದರಿಂದ ಎಷ್ಟೋ ಸಲ ಅದರ ಚಿಹ್ನೆಯನ್ನು ಹಾಕುವುದೇ ಇಲ್ಲ. ದೀಪಕ್ಕೆ ‘ಕಲ್ಮ’ ಎಂದು ಹೆಸರು. ಅದನ್ನು ಬರಿಯ ಮೂರು ವ್ಯಂಜನಗಳಿಂದ ಬರೆದರೂ ಓದುಗ ‘ಕಲ್ಮ’ ಎಂದೇ ಓದುತ್ತಾನೆ. ಏಕೆಂದರೆ ಆ ಭಾಷೆಯಲ್ಲಿ ಪದದ ಮೊದಲಿಗೆ ಕಕಾರ ಲಕಾರ ಕೂಡಿಕೊಂಡು ಬರುವುದಿಲ್ಲ, ಮಕಾರ ಪದದ ಕೊನೆಗೆ ಬರುವುದಿಲ್ಲ. ‘ಕಲಮ’ ಎಂಬ ಪದವೂ ಇಲ್ಲ. ಚಿಹ್ನೆಯಿಲ್ಲದ ಕಕಾರದೊಳಗೆ ಅಕಾರ ಅಡಗಿರುತ್ತದೆ ಎಂಬುದು ನಮಗೆ ಹೊಸತಲ್ಲ. ಆ ಜ್ಞಾನ ನಮಗೆ ಎಷ್ಟು ಸಹಜವೆಂದರೆ ಅದೊಂದು ಜ್ಞಾನವೆಂದೇ ನಮಗೆ ತೋರುವುದಿಲ್ಲ.

ನಾವು ಅಕ್ಷರಕ್ಕೆ ಪ್ರತ್ಯೇಕ ಹೆಸರಿಡುವುದಿಲ್ಲ. ಕಕಾರ, ಗಕಾರ ಎಂದರೆ ಮುಗಿಯಿತು. ತೆಂಗ್ವಾರಿನಲ್ಲಿ ಪ್ರತಿಯೊಂದು ಅಕ್ಷರದ ಹೆಸರೂ ಆ ಧ್ವನಿಯನ್ನು ಒಳಗೊಂಡ ಒಂದು ಪದ. ತಕಾರ ‘ತಿಂಕೊ’, ಅಂದರೆ ಲೋಹ. ಪಕಾರ ‘ಪರ್ಮ’, ಅಂದರೆ ಪುಸ್ತಕ. ಕಕಾರವೇ ಮೇಲೆ ಹೇಳಿದ ‘ಕಲ್ಮ’. ‘ಅಂದೊ’ ಎಂದರೆ ಬಾಗಿಲು, ‘ಉಂಗ್ವೆ’ ಎಂದರೆ ಜೇಡರ ಬಲೆ. ಹೀಬ್ರೂ ಭಾಷೆಯಲ್ಲಿ ‘ಆಲೆಫ್’ ಎತ್ತು, ‘ಬೇತ್’ ಮನೆ ಆದಂತೆ. ಹೆಸರು ಪದವಾದರೆ ಒಂದು ತೊಡಕುಂಟು: ಪದದ ಉಚ್ಚಾರ ಕಾಲಕ್ರಮದಲ್ಲಿ ಬದಲಾದರೆ ಹೆಸರು ಅಕ್ಷರಕ್ಕೆ ಹೊಂದುವುದಿಲ್ಲ. ಟೋಲ್ಕಿನ್ ಈ ತೊಡಕನ್ನು ನಿವಾರಿಸಲಿಲ್ಲ, ಬೇಕೆಂದೇ ಬೆಳೆಸಿದರು. ನಮ್ಮ ಙಕಾರಕ್ಕೆ ಸಮನಾದ ಅಕ್ಷರದ ಹೆಸರು ‘ಙೊಲ್ದೊ’. ಪದಾದಿಯ ಆ ಧ್ವನಿ ನಕಾರವಾದಾಗ ಅದನ್ನು ‘ನೊಲ್ದೊ’ ಎಂದು ಕರೆಯಬೇಕಾಯಿತು. ‘ಹರ್ಮ’ ಎಂಬ ಅಕ್ಷರಕ್ಕೆ ಉಚ್ಚಾರ ಬದಲಾದ ಮೇಲೆ ‘ಅಹ’ ಎಂಬ ಹೊಸ ಹೆಸರನ್ನೇ ಇಟ್ಟರು. ‘ಥಿಂಕ್’ ಪದದ ಆ ಘರ್ಷಧ್ವನಿಯ ಅಕ್ಷರಕ್ಕೆ ‘ಥೂಲೆ’ ಎಂದು ಹೆಸರು, ಪ್ರಾಣ ಎಂದು ಅರ್ಥ. ಕಾಲಾಂತರದಲ್ಲಿ ಆ ಧ್ವನಿ ಸಕಾರದಲ್ಲಿ ಲೀನವಾಯಿತು. ಅಕ್ಷರ ಮಾತ್ರ ಸಕಾರದ ಅಕ್ಷರದ ಜೊತೆ ಬೆರೆಯದೆ ತನ್ನ ಸ್ಥಾನದಲ್ಲೇ ಉಳಿಯಿತು.

ರಾಜಮನೆತನದ ಕಥೆ ಇಲ್ಲಿಗೆ ಸೇರುತ್ತದೆ. ಟೋಲ್ಕಿನ್ 1968ರ ಸುಮಾರಿಗೆ ಬರೆದು, ಅವರು ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ 1996ರಲ್ಲಿ ಮಗ ಕ್ರಿಸ್ಟಫರ್ ಪ್ರಕಟಿಸಿದ ಲೇಖನವೊಂದರಲ್ಲಿ ಅದು ಬಂದಿದೆ. ಲಿಪಿಕಾರ ಫೆಯಾನೋರನ ತಾಯಿ ಮೀರಿಯೆಲ್. ಕಸೂತಿಯಲ್ಲಿ ಆಕೆಗೆ ಸರಿಸಮಾನರಿಲ್ಲದ ಕಾರಣ ‘ಥೆರಿಂದೆ’, ಅಂದರೆ ಸೂಜಿಗೆಲಸದಾಕೆ, ಎಂಬ ಉಪನಾಮ. ಜನರೆಲ್ಲ ಥಕಾರವನ್ನು ಬಿಟ್ಟು ಸಕಾರಕ್ಕೆ ಹೊರಳುತ್ತಿದ್ದಾಗ ಆಕೆಗೆ ಅದು ಒಗ್ಗಲಿಲ್ಲ. ತನ್ನವರು ಕಡೆಯ ಪಕ್ಷ ತನ್ನ ಹೆಸರನ್ನಾದರೂ ಹಿಂದಿನಂತೆ ನುಡಿಯಬೇಕೆಂದು ಬಯಸಿದಳು. ಮಗನನ್ನು ಹೆತ್ತ ಆಯಾಸದಿಂದ ಅವಳು ಚೇತರಿಸಿಕೊಳ್ಳಲೇ ಇಲ್ಲ, ದೇಹ ಬಿಟ್ಟಳು. ರಾಜ ಫಿನ್ವೆ ಇಂದಿಸ್ ಎಂಬವಳನ್ನು ಎರಡನೆಯ ಮದುವೆಯಾದ. ಇಂದಿಸಳ ತವರಿನವರು ಥಕಾರವನ್ನು ಉಳಿಸಿಕೊಂಡವರೇ. ಆದರೆ ಗಂಡನ ನಾಡಿಗೆ ಬಂದವಳು ಆ ನಾಡಿನವರಂತೆ ಸಕಾರವನ್ನು ನುಡಿಯತೊಡಗಿದಳು. ನಮ್ಮ ಕಡೆ ಮದುವೆಯಾಗಿ ಬಂದ ಸೊಸೆಯಂದಿರು ವರ್ಷ ತುಂಬುವುದರೊಳಗೆ ಗಂಡನ ಮನೆಯ ಮಾತನ್ನು ಹಿಡಿಯುವಂತೆ. ಅವಳ ದೃಷ್ಟಿಯಲ್ಲಿ ಅದು ಸೌಜನ್ಯ. ಮಲಮಗನಿಗೆ ಮಾತ್ರ ಅದು ತಾಯಿಯ ಹೆಸರನ್ನು ಅಳಿಸುವ ಯತ್ನವಾಗಿ ಕಂಡಿತು. ‘ಸೆರಿಂದೆ’ ಎಂದು ಯಾರಾದರೂ ನುಡಿದರೆ ಅವನಿಗೆ ಅದು ಅವಮಾನ. ತನ್ನ ಮಕ್ಕಳಿಗೆ ಥಕಾರವನ್ನೇ ಕಲಿಸಿದ. ಅಂದಿನಿಂದ ಯಾರು ಯಾರ ಪಕ್ಷವೆಂಬುದನ್ನು ಬಾಯಿ ತೆರೆದೊಡನೆ ತಿಳಿಯಬಹುದಾಯಿತು. ಬೈಬಲಿನ ‘ನ್ಯಾಯಸ್ಥಾಪಕರು’ ಭಾಗದಲ್ಲಿ ಯೊರ್ದನ್ ನದಿಯ ಕಡವಿನಲ್ಲಿ ‘ಷಿಬ್ಬೋಲೆತ್’ ಎನ್ನಲಾಗದೆ ‘ಸಿಬ್ಬೋಲೆತ್’ ಎಂದ ನಲವತ್ತೆರಡು ಸಾವಿರ ಮಂದಿಯ ತಲೆ ಹಾರಿಸಿದ ಪ್ರಸಂಗವಿದೆ. ಟೋಲ್ಕಿನ್ ತಮ್ಮ ಲೇಖನಕ್ಕೆ ಆ ಪದವನ್ನೇ ಶೀರ್ಷಿಕೆಯಲ್ಲಿ ಬಳಸಿದ್ದಾರೆ. ಹನ್ನೆರಡನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವರು ಎಪ್ಪತ್ತೈದು ದಾಟಿದ ಮೇಲೆ ಬರೆದ ಬರಹವಿದು ಎಂಬುದನ್ನು ಬದಿಗಿಟ್ಟು ನನಗೆ ಅದನ್ನು ಓದಲಾಗುವುದಿಲ್ಲ.

ಆ ಥಕಾರವನ್ನು ಅವರು ಆರಿಸಿಕೊಂಡದ್ದಕ್ಕೆ ವೃತ್ತಿಯ ಕಾರಣವೂ ಇರಬೇಕು. ಅವರು ಪಾಠ ಹೇಳುತ್ತಿದ್ದ ಹಳೆಯ ಇಂಗ್ಲಿಷಿನಲ್ಲಿ ಅದೇ ಧ್ವನಿಗೆ ‘ಥಾರ್ನ್’ ಎಂಬ ಅಕ್ಷರವಿತ್ತು. ಹೆಸರಿನ ಅರ್ಥ ಮುಳ್ಳು. ಕಾಲಕ್ರಮದಲ್ಲಿ ‘ಟಿ’ ಮತ್ತು ‘ಎಚ್’ ಎಂಬ ಜೋಡಿ ಅದರ ಸ್ಥಾನವನ್ನು ಆಕ್ರಮಿಸಿತು. ಐಸ್‌ಲ್ಯಾಂಡಿನವರು ಮಾತ್ರ ಅದನ್ನು ಇಂದಿಗೂ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಅಕ್ಷರ ಹೋಯಿತು, ಉಚ್ಚಾರ ಉಳಿಯಿತು. ಕ್ವೆನ್ಯದಲ್ಲಿ ಉಚ್ಚಾರ ಹೋಯಿತು, ಅಕ್ಷರ ಉಳಿಯಿತು.

ಕನ್ನಡದಲ್ಲಿ ಎರಡೂ ಹೋದ ಉದಾಹರಣೆ ಇದೆ. ಹಳಗನ್ನಡದ ೞಕಾರವನ್ನು ನಮ್ಮ ವೈಯಾಕರಣರು ‘ರಳ’ ಎಂದು ಕರೆದರು. ಮಳೆ ಹಿಂದೆ ‘ಮೞೆ’, ಬಾಳೆ ‘ಬಾೞೆ’, ಕೋಳಿ ‘ಕೋೞಿ’. ಟೋಲ್ಕಿನ್ನರ ಬಂಧುಗಳ ‘ನಲವತ್ತು’, ನಮ್ಮ ಕತ್ತೆ, ಅದೂ ಹಿಂದೆ ‘ಕೞ್ತೆ’ಯಾಗಿ ಈ ಅಕ್ಷರವನ್ನು ಹೊತ್ತಿತ್ತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಯಾವ ಯಾವ ಪದಗಳಲ್ಲಿ ಈ ಅಕ್ಷರವಿದೆ ಎಂದು ಪಟ್ಟಿಮಾಡಿದ್ದಾನೆ. ಬಾಯಿಯಲ್ಲಿ ಉಳಿದಿದ್ದರೆ ಪಟ್ಟಿಯ ಅಗತ್ಯವೇನಿತ್ತು? ಜನ ಳಕಾರ ಹಾಗೂ ೞಕಾರಗಳ ಅಂತರವನ್ನು ಮರೆಯುತ್ತಿದ್ದರೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಬರಬರುತ್ತ ಬರವಣಿಗೆಯಿಂದಲೂ ಅದು ಮರೆಯಾಯಿತು.

ಕಾಸರಗೋಡಿನವರಾದ ನಮಗೆ ಆ ಧ್ವನಿಯನ್ನು ಕೇಳಲು ತಾಳೆಗರಿ ಬಿಚ್ಚಬೇಕಾಗಿಲ್ಲ. ಸಂತೆಗೆ ಹೋದರೆ ಸಾಕು. ನಾವು ಕೋಳಿ ಎನ್ನುತ್ತೇವೆ, ತುಳುವರು ‘ಕೋರಿ’ ಎನ್ನುತ್ತಾರೆ, ಮಲಯಾಳದವರು ‘ಕೋೞಿ’ ಎನ್ನುತ್ತಾರೆ. ನಮ್ಮ ಬಾಳೆ ತುಳುವಿನಲ್ಲಿ ‘ಬಾರೆ’, ಮಲಯಾಳದಲ್ಲಿ ‘ವಾೞ’. ಒಂದೇ ಮೂಲದ ಧ್ವನಿ ಒಂದು ಕಡೆ ಳಕಾರವಾಗಿ, ಇನ್ನೊಂದು ಕಡೆ ರಕಾರವಾಗಿ, ಮತ್ತೊಂದು ಕಡೆ ಇದ್ದಂತೆಯೇ ಉಳಿದು, ಮೂರೂ ಒಂದೇ ಅಂಗಡಿಯ ಮುಂದೆ ಚೌಕಾಸಿ ಮಾಡುತ್ತವೆ. ‘ಅಲ್ದ’ ಮತ್ತು ‘ಗಲಧ್’ ಎಂದು ಟೋಲ್ಕಿನ್ ವರ್ಷಗಟ್ಟಲೆ ಕುಳಿತು ಹೆಣೆದದ್ದು ಇದನ್ನೇ. ಶಾಲೆಯಲ್ಲಿ ನಾವು ಎಂದೂ ಬಳಸದ ಙಕಾರವನ್ನು ಉರುಹೊಡೆದೆವು. ನೆರೆಯವರ ಬಾಯಲ್ಲಿ ದಿನವೂ ಕೇಳುವ, ಒಂದು ಕಾಲಕ್ಕೆ ನಮ್ಮದೇ ಆಗಿದ್ದ ೞಕಾರವನ್ನು ಯಾರೂ ಕಲಿಸಲಿಲ್ಲ. ಹೀಗಾಗಿ ಕೇರಳದ ಆ ಪ್ರಸಿದ್ಧ ನಗರದ ಹೆಸರನ್ನು ಕನ್ನಡದಲ್ಲಿ ಬರೆಯಬೇಕಾದಾಗ ಝಕಾರವನ್ನು ಎರವಲು ತಂದು ‘ಕೋಝಿಕ್ಕೋಡ್’ ಎಂದು ಬರೆಯುತ್ತಾರೆ. ಕೇಶಿರಾಜನಿಗೆ ಆ ಕಷ್ಟ ಇರುತ್ತಿರಲಿಲ್ಲ.

ಗಣಕಯಂತ್ರಗಳು ಜಗತ್ತಿನ ಲಿಪಿಗಳನ್ನು ಗುರುತಿಸಲು ಬಳಸುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ತೆಂಗ್ವಾರಿಗೆ ಸ್ಥಾನ ಕೊಡಬೇಕೆಂಬ ಪ್ರಸ್ತಾವ 1990ರ ದಶಕದಿಂದ ಇದೆ, ಇನ್ನೂ ಸ್ಥಾನ ಸಿಕ್ಕಿಲ್ಲ. ನಮ್ಮ ೞಕಾರಕ್ಕೆ ಸಿಕ್ಕಿದೆ. ಆದುದರಿಂದಲೇ ಈ ಲೇಖನದಲ್ಲಿ ಅದನ್ನು ಅಚ್ಚುಮಾಡಲು ಸಾಧ್ಯವಾಯಿತು. ಆದರೆ ಆ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಹೆಸರು ಕೊಡುವ ಪದ್ಧತಿ ಇದೆ. ಅದನ್ನು ಸೇರಿಸುವಾಗ ಯಾರೋ ತಪ್ಪಾಗಿ ಅದಕ್ಕೆ ‘ಫ’ ಎಂದು ಹೆಸರು ಬರೆದರು. ತಪ್ಪೆಂಬುದು ಈಗ ಎಲ್ಲರಿಗೂ ಗೊತ್ತು, ಪಕ್ಕದಲ್ಲಿ ಟಿಪ್ಪಣಿಯನ್ನೂ ಹಾಕಿದ್ದಾರೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಆ ಪಟ್ಟಿಯ ನಿಯಮ. ಹಾಗಾಗಿ ಕೇಶಿರಾಜನ ರಳ ಅಲ್ಲಿ ಇಂದಿಗೂ ಫಕಾರದ ಹೆಸರಿನಲ್ಲೇ ಇದೆ.